ಮಗಳನ್ನು ಕರೆದೊಯ್ಯಲು ಬಂದ ಅಪ್ಪ

ಕಳೆದ ವರ್ಷದ ಮಳೆಗಾಲದ ಒಂದು ಭಾನುವಾರ. ಬೆಳಿಗ್ಗೆ ಎಂಟಕ್ಕೆ ರಾತ್ರಿ ಪಾಳಿಯವರಿಂದ ವರದಿ ಕೇಳಿ ಮುಗಿಸುವಷ್ಟರಲ್ಲಿ ಬಾಗಿಲ ಕಾವಲಿನವನು ಬಂದು, "ಸಿಸ್ಟರ್, ಹಾಸನದ ಕಡೆಯಿಂದ ಯಾರೋ ಯಜಮಾನರು ಬಂದಿದ್ದಾರೆ, ನಿಮ್ಮನ್ನೇ ನೋಡಬೇಕಂತೆ" ಎಂದ. ಯಾವುದೋ ರೋಗಿಯ ಕಡೆಯವರಿರಬೇಕೆಂದು ಹೊರಗೆ ಬಂದೆ. ಬಿಳಿ ಪಂಚೆ, ಮಳೆಯಲ್ಲಿ ಅರ್ಧ ನೆಂದ ಅಂಗಿ, ಕೈಯಲ್ಲೊಂದು ಬಟ್ಟೆಯ ಚೀಲ.

"ಮಗಳನ್ನ ಕರ್ಕೊಂಡು ಹೋಗೋಣ ಅಂತ ಬಂದೆ ಸಿಸ್ಟರಮ್ಮ. ಮೂರು ದಿನದಿಂದ ಫೋನ್ ಮಾಡಿದ್ರೆ ಬರೀ ಅಳ್ತಾಳೆ. ಏನು ಅಂತ ಹೇಳೋದಿಲ್ಲ. ಇಂಥ ಕೆಲಸ ನಮಗೆ ಬ್ಯಾಡ" ಎಂದರು.

ಅವರ ಮಗಳು ನಮ್ಮ ತೀವ್ರ ನಿಗಾ ಘಟಕಕ್ಕೆ ಸೇರಿ ಐದು ವಾರವಾಗಿತ್ತು. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್ ಅನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದ ಹುಡುಗಿ. ಆಕೆ ಏಕೆ ಅಳುತ್ತಾಳೆಂದು ನನಗೆ ಗೊತ್ತಿತ್ತು. ಅಪ್ಪನಿಗೆ ಹೇಳುವುದೋ ಬೇಡವೋ ಎಂಬುದು ಮಾತ್ರ ಗೊತ್ತಿರಲಿಲ್ಲ.

ಮೂರು ರಾತ್ರಿಗಳ ಹಿಂದೆ ನಡೆದದ್ದು ಇಷ್ಟು. ಸೋಂಕು ರಕ್ತಕ್ಕೇರಿದ್ದ ಒಬ್ಬ ರೋಗಿ ಆಕೆಯ ಪಾಲಿಗಿದ್ದರು. ಉಸಿರಿಗೆ ವೆಂಟಿಲೇಟರ್, ರಕ್ತದೊತ್ತಡ ಬೀಳದಂತೆ ಹಿಡಿದಿಡಲು ನಾರ್‌ಅಡ್ರಿನಲಿನ್ ಎಂಬ ಔಷಧಿ. ಈ ಔಷಧಿ ಸಿರಿಂಜ್ ಪಂಪಿನ ಮೂಲಕ ಹನಿಹನಿಯಾಗಿ ಹೋಗುತ್ತಿರಬೇಕು. ರಕ್ತದಲ್ಲಿ ಅದರ ಪ್ರಭಾವ ಇರುವುದು ಒಂದೆರಡು ನಿಮಿಷ ಮಾತ್ರ. ಹಾಗಾಗಿ ಒಂದು ಸಿರಿಂಜ್ ಖಾಲಿಯಾಗುವ ಮೊದಲೇ ಇನ್ನೊಂದನ್ನು ಸಿದ್ಧವಾಗಿಟ್ಟಿರಬೇಕು. ಪಂಪು ಮುಂಚಿತವಾಗಿ ಕೂಗಿ ಎಚ್ಚರಿಸುತ್ತದೆ. ಅದೇ ಹೊತ್ತಿಗೆ ವೆಂಟಿಲೇಟರ್ ಕೂಡ ಕೂಗಿತು. ಹುಡುಗಿ ಪಂಪಿನ ಕೂಗನ್ನು ಗುಂಡಿ ಒತ್ತಿ ನಿಲ್ಲಿಸಿ, ರೋಗಿಯ ಗಂಟಲಿನ ಕಫ ತೆಗೆಯಲು ತೊಡಗಿದಳು. ಅಷ್ಟರಲ್ಲಿ ಸಿರಿಂಜ್ ಖಾಲಿ. 110 ಇದ್ದ ರಕ್ತದೊತ್ತಡ 60ಕ್ಕೆ ಬಿತ್ತು. ಪಕ್ಕದ ಹಾಸಿಗೆಯ ಹಿರಿಯ ನರ್ಸ್ ಓಡಿ ಬಂದಳು, ಡಾಕ್ಟರು ಬಂದರು. ಕೆಲವೇ ನಿಮಿಷಗಳಲ್ಲಿ ಒತ್ತಡ ಮೇಲೇರಿತು. ದೇವರ ದಯೆ, ರೋಗಿಗೆ ಏನೂ ಆಗಲಿಲ್ಲ.

ಪಂಪೇ ಕೆಟ್ಟಿರಬೇಕೆಂದು ಎಲ್ಲರೂ ಅಂದುಕೊಂಡರು. ಹಾಗೆಂದೇ ಸುಮ್ಮನಿರಬಹುದಿತ್ತು. ಬೆಳಿಗ್ಗೆ ಆಕೆ ನನ್ನ ಮೇಜಿನ ಮುಂದೆ ಬಂದು ನಿಂತು, "ಪಂಪು ಸರಿಯಾಗಿದೆ ಸಿಸ್ಟರ್, ಅಲಾರಂ ನಿಲ್ಲಿಸಿದ್ದು ನಾನೇ" ಎಂದಳು. ಬರೆದೂ ಕೊಟ್ಟಳು. ಅಂದಿನಿಂದ ಅಳು.

ತೀವ್ರ ನಿಗಾ ಎಂದರೆ ಯಂತ್ರಗಳ ಕಾಡು ಎಂದು ಹೊರಗಿನವರು ತಿಳಿಯುತ್ತಾರೆ. ಅದು ಹುಟ್ಟಿದ್ದು ಕೈಗಳಿಂದ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೋಲಿಯೊ ಹಬ್ಬಿದಾಗ ಉಸಿರಾಟದ ಯಂತ್ರಗಳು ಬೆರಳೆಣಿಕೆಯಷ್ಟಿದ್ದವು. ಬ್ಯೋರ್ನ್ ಇಬ್ಸನ್ ಎಂಬ ಅರಿವಳಿಕೆ ತಜ್ಞರು ರೋಗಿಗಳ ಕತ್ತಿನಲ್ಲಿ ರಂಧ್ರ ಮಾಡಿ ನಳಿಕೆ ಇಟ್ಟು ರಬ್ಬರ್ ಚೀಲ ಜೋಡಿಸಿದರು. ನೂರಾರು ವೈದ್ಯ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲು ರಾತ್ರಿ ಆ ಚೀಲಗಳನ್ನು ಕೈಯಿಂದ ಅದುಮುತ್ತ ಕುಳಿತರು. ಮರುವರ್ಷ ಅಲ್ಲಿಯೇ ಇಂಥ ಘಟಕ ಶುರುವಾಯಿತು. ಅಂದೂ ಹಾಸಿಗೆಯ ಪಕ್ಕ ಕುಳಿತವರು ಇಪ್ಪತ್ತರ ಆಸುಪಾಸಿನ ಮಕ್ಕಳೇ.

ಕಾಲೇಜಿನಲ್ಲಿ ಕಲಿತದ್ದಕ್ಕೂ ವಾರ್ಡಿನಲ್ಲಿ ಕಾಣುವುದಕ್ಕೂ ನಡುವಿನ ಅಂತರ ಹೊಸ ನರ್ಸುಗಳನ್ನು ಹೇಗೆ ಕಂಗೆಡಿಸುತ್ತದೆಂದು ಅಮೆರಿಕದ ಮಾರ್ಲಿನ್ ಕ್ರೇಮರ್ 1974ರಷ್ಟು ಹಿಂದೆಯೇ ಪುಸ್ತಕ ಬರೆದು, ಅದನ್ನು 'ವಾಸ್ತವದ ಆಘಾತ' ಎಂದು ಕರೆದರು. ಹತ್ತು ವರ್ಷದ ನಂತರ ಪೆಟ್ರೀಷಿಯಾ ಬೆನ್ನರ್, ನರ್ಸ್ ಪಳಗುವುದು ಐದು ಹಂತಗಳಲ್ಲಿ ಎಂದು ತೋರಿಸಿದರು. ಅಂಕಪಟ್ಟಿ ಎಷ್ಟೇ ಚೆನ್ನಾಗಿರಲಿ, ಮೊದಲ ಮೆಟ್ಟಿಲನ್ನು ಹಾರಿ ಹೋಗಲು ಯಾರಿಗೂ ಆಗದು. ಹಳಬಳ ಕಿವಿಗೆ ಹತ್ತು ಕೂಗುಗಳಲ್ಲಿ ಯಾವುದು ಯಮನ ಕೂಗು ಎಂದು ತಿಳಿಯುತ್ತದೆ. ಹೊಸಬಳಿಗೆ ಎಲ್ಲವೂ ಒಂದೇ ಗದ್ದಲ.

ಇದನ್ನೆಲ್ಲ ಆ ಅಪ್ಪನಿಗೆ ಹೇಗೆ ಹೇಳಲಿ? ಕ್ಯಾಂಟೀನಿಗೆ ಕರೆದುಕೊಂಡು ಹೋಗಿ ಕಾಫಿ ತರಿಸಿದೆ. ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಅವರ ಮುಖ ಕಪ್ಪಿಟ್ಟಿತು. "ಹಾಗಾದ್ರೆ ನನ್ನ ಮಗಳು ಒಬ್ಬರ ಜೀವ…" ಎಂದು ನಿಲ್ಲಿಸಿದರು.

ಆಗ ನನ್ನ ಕತೆಯನ್ನೂ ಹೇಳಿದೆ. ಅದುವರೆಗೆ ಯಾರಿಗೂ ಹೇಳಿರಲಿಲ್ಲ.

1996. ನಾನು ಕೆಲಸಕ್ಕೆ ಸೇರಿದ ಎರಡನೆಯ ತಿಂಗಳು. ಆ್ಯಂಟಿಬಯೋಟಿಕ್ ಪುಡಿಯನ್ನು ಕರಗಿಸಲು ಶುದ್ಧ ನೀರಿನ ಬದಲು ಪೊಟ್ಯಾಸಿಯಂ ಕ್ಲೋರೈಡನ್ನು ಸಿರಿಂಜಿಗೆ ಎಳೆದುಕೊಂಡಿದ್ದೆ. ಎರಡೂ ನೀರಿನ ಬಣ್ಣ, ಎರಡೂ ಒಂದೇ ತಟ್ಟೆಯಲ್ಲಿ. ಸಲೈನಿನಲ್ಲಿ ಬೆರೆಸಿ ಗಂಟೆಗಟ್ಟಲೆ ನಿಧಾನವಾಗಿ ಕೊಡಬೇಕಾದ ಔಷಧಿ ಅದು. ನೇರವಾಗಿ ನರಕ್ಕೆ ಕೊಟ್ಟರೆ ಹೃದಯವೇ ನಿಂತೀತು. ಹಿರಿಯ ಸಿಸ್ಟರ್ ಒಬ್ಬರು ನನ್ನ ಮಣಿಕಟ್ಟು ಹಿಡಿದುಕೊಂಡರು. "ಯಾರಿಗೂ ಹೇಳಬೇಡಿ ಸಿಸ್ಟರ್" ಎಂದು ಕಾಲು ಹಿಡಿದೆ. ಅವರು ಹೇಳಲಿಲ್ಲ. ಎಲ್ಲರೂ ನನ್ನನ್ನು ಜಾಣೆ ಎಂದೇ ತಿಳಿದರು. ಆ ಎರಡು ಔಷಧಿಗಳು ಮಾತ್ರ ವರ್ಷಗಟ್ಟಲೆ ಅದೇ ತಟ್ಟೆಯಲ್ಲಿ ಪಕ್ಕಪಕ್ಕದಲ್ಲೇ ಇದ್ದವು. ಬೇರೊಬ್ಬಳ ಕೈ ಅಲ್ಲಿಗೆ ಹೋಗಿದ್ದು, ಹಿಡಿಯುವವರು ಇಲ್ಲದೇ ಹೋಗಿದ್ದರೆ? ಈಗಲೂ ಆ ಯೋಚನೆ ಬಂದ ರಾತ್ರಿ ನನಗೆ ನಿದ್ದೆ ಹತ್ತುವುದಿಲ್ಲ.

"ನಿಮ್ಮ ಮಗಳು ಹೇಳಿದಳು, ನಾನು ಮುಚ್ಚಿಟ್ಟೆ" ಎಂದೆ. "ಇನ್ನೊಂದು ವಿಷಯ. ಹೊಸಬರನ್ನು ಮೂರು ತಿಂಗಳು ಹಿರಿಯರ ಜೊತೆಗೇ ಹಾಕಬೇಕು. ಆ ರಾತ್ರಿ ಇಬ್ಬರು ರಜೆಯಲ್ಲಿದ್ದರು. ಐದು ವಾರದವಳಿಗೆ ಅಂಥ ರೋಗಿಯನ್ನು ಒಬ್ಬಳಿಗೇ ಒಪ್ಪಿಸಿ ಪಾಳಿಯ ಪಟ್ಟಿ ಬರೆದವಳು ನಾನೇ. ತಪ್ಪಿನಲ್ಲಿ ದೊಡ್ಡ ಪಾಲು ನನ್ನದು."

ಅವರು ಬಹಳ ಹೊತ್ತು ಮಾತಾಡಲಿಲ್ಲ. ಕಾಫಿ ಆರಿಹೋಯಿತು. ಆಮೇಲೆ, "ಆ ರೋಗಿ ಹ್ಯಾಗಿದ್ದಾರೆ?" ಎಂದಷ್ಟೇ ಕೇಳಿದರು. ವೆಂಟಿಲೇಟರ್ ತೆಗೆದಿದ್ದಾರೆ, ನಾಳೆಯೋ ನಾಡಿದ್ದೋ ವಾರ್ಡಿಗೆ ಹೋಗುತ್ತಾರೆ ಎಂದೆ.

ಮಕ್ಕಳನ್ನು ಈ ಓದಿಗೆ ಕಳಿಸುವ ತಂದೆತಾಯಿಗಳಿಗೆ ಒಂದು ಮಾತು. ಸಂಬಳ ಎಷ್ಟು, ಹಾಸ್ಟೆಲ್ ಇದೆಯೇ ಎಂದು ಕೇಳುತ್ತೀರಿ, ಕೇಳಲೇಬೇಕು. ಜೊತೆಗೆ, ಹೊಸಬರಿಗೆ ಎಷ್ಟು ವಾರ ತರಬೇತಿ, ಪಕ್ಕದಲ್ಲಿ ನಿಂತು ಕಲಿಸುವವರು ಯಾರು, ಒಬ್ಬ ನರ್ಸಿಗೆ ಎಷ್ಟು ರೋಗಿಗಳು, ತಪ್ಪು ಒಪ್ಪಿಕೊಂಡವರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂದೂ ಕೇಳಲು ಮಕ್ಕಳಿಗೆ ಹೇಳಿಕೊಡಿ. ಅನುಭವವಾದ ಮೇಲೆ ಮುಂದೆ ಓದಬೇಕೆನ್ನುವವರಿಗೆ ಭಾರತೀಯ ಶುಶ್ರೂಷಾ ಪರಿಷತ್ತು ರೂಪಿಸಿದ ಎರಡು ವರ್ಷದ ಸ್ನಾತಕೋತ್ತರ ರೆಸಿಡೆನ್ಸಿ ಕೋರ್ಸೂ ಇದೆ. ತೀವ್ರ ನಿಗಾ ಘಟಕದಲ್ಲಿ ದುಡಿಯುತ್ತಲೇ ಕಲಿಯುವಂಥದ್ದು.

ರಾತ್ರಿ ಪಾಳಿ ಮುಗಿಸಿದ ಹುಡುಗಿ ಬಂದಳು. ಅಪ್ಪನನ್ನು ಕಂಡು ಕಣ್ಣು ತುಂಬಿತು. "ಹೊರಡೋಣ್ವಾ ಮಗ?" ಎಂದರು ಅವರು. ಆಕೆ ನನ್ನ ಮುಖ ನೋಡಿದಳು. ನಾನು ಏನೂ ಹೇಳಲಿಲ್ಲ. ಅದು ಆಕೆಯೇ ಹೇಳಬೇಕಾದ ಮಾತು.

"ಇವತ್ತು ರಾತ್ರಿನೂ ಡ್ಯೂಟಿ ಇದೆ ಅಪ್ಪ. ನೀವು ಊಟ ಮಾಡ್ಕೊಂಡು ಮಧ್ಯಾಹ್ನದ ಬಸ್ಸಿಗೆ ಹೊರಡಿ" ಎಂದಳು.

ಅಪ್ಪ ಚೀಲದಿಂದ ಕೋಡುಬಳೆಯ ಡಬ್ಬಿ ತೆಗೆದು ನನ್ನ ಕೈಗಿಟ್ಟರು. "ಇವಳ ಅವ್ವ ಮಾಡಿದ್ದು, ಎಲ್ಲರೂ ತಿನ್ನಿ" ಎಂದರು. ಹೊರಡುವಾಗ ತಿರುಗಿ, "ಪಟ್ಟಿ ಬರೆಯೋವಾಗ ಸ್ವಲ್ಪ ನೋಡಿ ಬರೀರಿ ಸಿಸ್ಟರಮ್ಮ" ಎಂದರು. ಆ ಮಾತನ್ನು ನಾನು ಮರೆತಿಲ್ಲ. ಪಾಳಿಯ ಪಟ್ಟಿ ಬರೆಯುವಾಗಲೆಲ್ಲ ಅವರು ಎದುರು ಕುಳಿತಂತೆ ಆಗುತ್ತದೆ.

ಮೊನ್ನೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಕೂಗುತ್ತಿದ್ದ ಪಂಪಿನತ್ತ ಗಡಿಬಿಡಿಯಿಂದ ಕೈ ಚಾಚಿದಳು. ಹಿಂದೆ ನಿಂತಿದ್ದವಳು ಮೆಲ್ಲಗೆ ಮಣಿಕಟ್ಟು ಹಿಡಿದು, "ನಿಲ್ಲಿಸೋಕೆ ಮುಂಚೆ ಯಾಕೆ ಕೂಗ್ತಿದೆ ಅಂತ ಓದು. ನಾನು ಒಂದ್ಸಲ ಓದಿರಲಿಲ್ಲ" ಎಂದಳು. ಹಾಸನದ ಕಡೆಯ ಅದೇ ಹುಡುಗಿ.