ಮೆಣಸಿನ ಮನೆಗೆ ಹೋಗಿಬಂದೆವು

"ಎಂಥ ತಂದ್ರಿ ಅಕ್ಕಾ?"

ಅತ್ತಿಗುಂಡಿಯಲ್ಲಿ ಬಸ್ಸಿಳಿದು, ಬೆನ್ನಿನ ಚೀಲವನ್ನು ಅಂಗಡಿ ಜಗಲಿಗೆ ಒರಗಿಸುವಷ್ಟರಲ್ಲಿ ಪಕ್ಕದ ತೋಟದ ಮನೆಯ ಸೊಸೆ ಕೇಳಿದಳು. ಕೇಳದೆ ಏನು ಮಾಡಿಯಾಳು? ಗಂಡ ಹೆಂಡತಿ ಇಬ್ಬರೂ ತೊಂಬತ್ತೆರಡು ದಿನ ಪರದೇಶ ಸುತ್ತಿ ಬಂದಿದ್ದೇವೆ. ನನ್ನ ಚೀಲದಲ್ಲಿದ್ದುದು ಒಗೆಯದ ಬಟ್ಟೆ, ತಳ ಕಂಡ ಉಪ್ಪಿನಕಾಯಿ ಡಬ್ಬಿ, ತೊಟ್ಟು ತೊಟ್ಟಾಗಿ ಕಾಫಿ ಇಳಿಸುವ ಒಂದು ಪುಟ್ಟ ತಗಡಿನ ಫಿಲ್ಟರು, ಅಷ್ಟೆ.

"ಆ ಕಡೆಯ ಮೆಣಸಿನ ಬಳ್ಳಿ ಒಂದೆರಡಾದ್ರೂ ತರಬಾರದಿತ್ತಾ ಸಾರ್?" ಅವಳ ಗಂಡ ನಮ್ಮವರನ್ನು ಕೇಳಿದ.

"ಬಾಬಾ ಬುಡನ್ ಏಳು ಬೀಜ ತಂದ ಕಾಲ ಹೋಯ್ತು ಮಾರಾಯ. ಈಗ ಅನುಮತಿ ಇಲ್ಲದೆ ಒಂದು ಕಡ್ಡಿ ತಂದರೂ ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ತಾರೆ" ಎಂದರು ಇವರು.

ಎಲ್ಲರೂ ನಕ್ಕೆವು. ಆದರೆ ಮನೆಯ ಕಡೆಗೆ ಇಳಿಯುವಾಗ ಆ ಹುಡುಗಿಯ ಪ್ರಶ್ನೆಯೂ ನನ್ನ ಜೊತೆಗೇ ಇಳಿದು ಬಂತು. ನಿಜಕ್ಕೂ ನಾವು ತಂದದ್ದೇನು?

ನಾವು ಹೊರಟ ಕಾರಣವನ್ನು ಮೊದಲು ಹೇಳಬೇಕು. ಇವರು ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಮೇಷ್ಟರು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಗೋಡೆಯ ನಕ್ಷೆಗೆ ಕೋಲು ತೋರಿಸಿ ಪ್ರಪಂಚ ಕಲಿಸಿದವರು, ತಾವು ಮಾತ್ರ ತಿರುಪತಿ ದಾಟಿದವರಲ್ಲ. 2024ರಲ್ಲಿ ನಿವೃತ್ತಿಯಾದ ದಿನವೇ, "ಕೋಲು ತೋರಿಸಿದ ಜಾಗಗಳಲ್ಲಿ ನಾಲ್ಕನ್ನಾದರೂ ನೋಡಬೇಕು ಕಣೇ" ಎಂದರು.

ನನ್ನ ಕಾರಣ ಬೇರೆ. ಅತ್ತಿಗುಂಡಿಯ ಕೆಳಗಿನ ಇಳಿಜಾರಿನಲ್ಲಿ ನಮಗೆ ನಾಲ್ಕು ಎಕರೆ ಕಾಫಿ ತೋಟವಿದೆ. ಇವರು ಶಾಲೆಗೆ ಹೋಗುತ್ತಿದ್ದುದರಿಂದ ಕಸಿ, ಕೊಯ್ಲು, ಆಳು, ಲೆಕ್ಕ ಎಲ್ಲವೂ ನನ್ನ ತಲೆಯ ಮೇಲೆ. 2018 ಮತ್ತು 2019ರ ಮಳೆಗಾಲಗಳು ನೆನಪಿರಬೇಕು. ನೀರು ನಿಂತು, ಸೊರಗು ರೋಗ ಬಂದು, ನಾನೇ ಕೈಯಾರೆ ಹಬ್ಬಿಸಿದ ಮೆಣಸಿನ ಬಳ್ಳಿಗಳು ಮುಕ್ಕಾಲುಪಾಲು ಒಣಗಿದವು. ಅದಾದ ಮೇಲೆ ತೋಟದ ಮೇಲಿನ ಮನಸ್ಸೇ ಮುರಿದಿತ್ತು. ಬೆಂಗಳೂರಿನವರೊಬ್ಬರು ಹೋಂ ಸ್ಟೇ ಕಟ್ಟಲು ತೋಟ ಕೇಳಿದಾಗ ಕೊಟ್ಟುಬಿಡೋಣ ಎಂದವಳು ನಾನೇ. ಬೇಡ ಎಂದವರು ಇವರು. ಭಾನುವಾರ ಮಾತ್ರ ತೋಟ ನೋಡುವವರಿಗೆ ಅದರ ಮೇಲೆ ಪ್ರೀತಿ ಜಾಸ್ತಿ! ವರ್ಷಪೂರ್ತಿ ಈ ಜಗಳ ನಡೆಯಿತು. ಕೊನೆಗೆ ಮಗಳು, "ಇಬ್ಬರೂ ಎಲ್ಲಾದರೂ ಹೋಗಿ ಬನ್ನಿ. ಬಂದಮೇಲೆ ತೀರ್ಮಾನ ಮಾಡಿ" ಎಂದಳು.

ಹಾಗೆ ಅರೇಬಿಕಾ ಕೊಯ್ಲು ಮುಗಿಸಿ, ಪಾರ್ಚ್‌ಮೆಂಟ್ ಒಣಗಿಸಿ, ತೋಟವನ್ನು ಮೈದುನನಿಗೆ ಒಪ್ಪಿಸಿ, 2025ರ ಜನವರಿ ಕೊನೆಯ ವಾರ ಹೊರಟೆವು. ತಲೆಗೆ ಏಳು ಕಿಲೋ ತೂಕದ ಒಂದೊಂದು ಚೀಲ. ಥಾಯ್ಲೆಂಡ್, ಲಾವೋಸ್, ವಿಯೆಟ್ನಾಂ. ಟ್ರಾವೆಲ್ಸ್‌ನವರ ಹಂಗಿಲ್ಲ, ಬಸ್ಸು, ರೈಲು, ದೋಣಿ. ಇಬ್ಬರಿಗೂ ಸೇರಿ ಊಟ ವಸತಿಗೆ ದಿನಕ್ಕೆ ಎರಡು ಸಾವಿರ ರೂಪಾಯಿ ದಾಟಬಾರದೆಂದು ಇವರ ಕಟ್ಟಪ್ಪಣೆ.

ದಿನಾ ಸಂಜೆ ಮಗಳ ಫೋನು. "ಊಟ ಆಯ್ತಾ? ರೂಮಿನ ಚಿಲಕ ಸರಿಯಾಗಿದೆಯಾ? ಕತ್ತಲಾದ ಮೇಲೆ ಹೊರಗೆ ಹೋಗಬೇಡಿ." ಒಂದು ದಿನ ನಾನು ರೇಗಿದೆ. ಅವಳು ನಗುತ್ತಲೇ, "ಹತ್ತನೇ ಕ್ಲಾಸಿನಲ್ಲಿ ಹಂಪಿ ಟೂರಿಗೆ ನನ್ನನ್ನು ಕಳಿಸಲಿಲ್ಲ, ಜ್ಞಾಪಕ ಇದೆಯಾ ಅಮ್ಮ? ಚಿಲಕ ಸರಿ ಇರೋಲ್ಲ ಅಂದಿದ್ದೆ ನೀನು" ಎಂದಳು. ನನಗೆ ಉತ್ತರ ತೋಚಲಿಲ್ಲ. ಇಡೀ ತರಗತಿಯಲ್ಲಿ ಅಂದು ಊರಲ್ಲಿ ಉಳಿದವರು ಇಬ್ಬರೇ ಹುಡುಗಿಯರಂತೆ. ಇಷ್ಟು ವರ್ಷ ಅವಳು ಅದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ನೋಡಿದ್ದನ್ನೆಲ್ಲ ಹೇಳಹೊರಟರೆ ಈ ಪುಟ ಸಾಲದು. ಲಾವೋಸಿನ ಗಡಿಯಿಂದ ಮೆಕಾಂಗ್ ನದಿಯಲ್ಲಿ ಎರಡು ದಿನ ದೋಣಿಯಲ್ಲಿ ಕುಳಿತು ಲುವಾಂಗ್ ಪ್ರಬಾಂಗ್ ತಲುಪಿದ್ದು, ದಕ್ಷಿಣದ ಬೋಲವೆನ್ ಪ್ರಸ್ಥಭೂಮಿಯಲ್ಲಿ ಕಾಫಿ ಗಿಡ ಕಂಡು ನಾನು ಮಗುವಿನ ಹಾಗೆ ಓಡಿದ್ದು, ಎಲ್ಲ ಇದೆ. ವಿಯೆಟ್ನಾಮಿನಲ್ಲಿ ಸಸ್ಯಾಹಾರಕ್ಕೆ 'ಚಾಯ್' ಎನ್ನುತ್ತಾರೆ. ಬಂದ ಹೊಸತರಲ್ಲಿ ಇವರು ಚಹ ಬೇಕೆಂದು "ಚಾಯ್, ಚಾಯ್" ಎಂದು ಕೇಳಿ, ಎದುರಿಗೆ ಅನ್ನ, ತೋಫು, ಸೊಪ್ಪಿನ ತಟ್ಟೆ ಬಂದು ಕುಳಿತಾಗ ಕಕ್ಕಾಬಿಕ್ಕಿಯಾದರು. ಆಮೇಲೆ ಆ ಒಂದೇ ಶಬ್ದ ಏಳು ವಾರ ನಮ್ಮ ಹೊಟ್ಟೆ ತುಂಬಿಸಿತು.

ನಾನು ಹೇಳಬೇಕೆಂದಿರುವುದು ಒಂದು ಮಧ್ಯಾಹ್ನದ ಸಂಗತಿ.

ನಮ್ಮ ಸೀಮೆಯಲ್ಲಿ ವಿಯೆಟ್ನಾಂ ಎಂದರೆ ಬೈಗುಳದ ಹಾಗೆ. ಪ್ರಪಂಚದಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆದು ಮಾರುವ ದೇಶ ಅದು. ಅಲ್ಲಿಯ ಅಗ್ಗದ ಮೆಣಸು ಬಂದು ನಮ್ಮ ದರ ಬಿತ್ತೆಂದು ಬೆಳೆಗಾರರು ಗೋಳಾಡಿ, 2017ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಆಮದು ಮೆಣಸಿಗೆ ಕಿಲೋಗೆ 500 ರೂಪಾಯಿ ಕನಿಷ್ಠ ಬೆಲೆ ಕಟ್ಟಿದ್ದೂ ಆಯಿತು. ನಾನೂ ಪೇಪರಿನ ಧಾರಣೆ ಪಟ್ಟಿ ನೋಡುತ್ತ ಆ ದೇಶಕ್ಕೆ ಹಿಡಿಶಾಪ ಹಾಕಿದವಳೇ.

ಮಾರ್ಚ್ ಮೊದಲ ವಾರ ನಾವು ಜಿಯಾ ಲಾಯ್ ಪ್ರಾಂತ್ಯದಲ್ಲಿದ್ದೆವು. ಪ್ಲೇಕು ಪಟ್ಟಣದಿಂದ ದಕ್ಷಿಣಕ್ಕೆ ಚು ಸೆ ಎಂಬ ಕಡೆ ಮೆಣಸಿಗೆ ಹೆಸರುವಾಸಿ. ಬಸ್ಸಿಳಿದು ನಡೆಯುತ್ತಿದ್ದಾಗ ರಸ್ತೆಯ ಪಕ್ಕ ವಿಚಿತ್ರವಾದ ಹೊಲವೊಂದು ಕಂಡಿತು. ಸಾಲುಸಾಲಾಗಿ ಆಳೆರಡು ಎತ್ತರದ ಕಾಂಕ್ರೀಟ್ ಕಂಬಗಳು, ಒಂದರ ಮೇಲೂ ಹಸಿರಿಲ್ಲ. ಅಲ್ಲಿಯವರು ನಮ್ಮ ಹಾಗೆ ಸಿಲ್ವರ್ ಮರಕ್ಕೋ ಹಾಲುವಾಣಕ್ಕೋ ಬಳ್ಳಿ ಹಬ್ಬಿಸುವುದು ಕಡಿಮೆ. ಬಯಲಿನಲ್ಲಿ ಕಂಬ ನೆಟ್ಟು ಮೆಣಸೊಂದನ್ನೇ ಬೆಳೆಯುತ್ತಾರೆ. ಕೊನೆಯ ಸಾಲಿನಲ್ಲಿ ನಾಲ್ಕಾರು ಬಳ್ಳಿ ಉಳಿದಿದ್ದವು. ನಾನು ಕುಕ್ಕರಗಾಲಲ್ಲಿ ಕೂತು ಬುಡ ನೋಡಿದೆ. ಕಪ್ಪಗಾದ ಬುಡ, ಹಳದಿ ತಿರುಗಿದ ಎಲೆ. ನನಗೆ ಚೆನ್ನಾಗಿ ಪರಿಚಯವಿದ್ದ ರೋಗ.

ತಾಳೆಗರಿ ಟೋಪಿಯ ಹೆಂಗಸೊಬ್ಬಳು ಬಂದು ನಿಂತಳು. ಬೈಯುತ್ತಾಳೆಂದುಕೊಂಡೆ. ಅವಳು ನನ್ನ ಕೈ ನೋಡಿದಳು. ಕಾಫಿ ಕೊಯ್ದು ಕಪ್ಪಾದ ಬೆರಳುಗಳನ್ನು ಬೆಳೆಗಾರರ ಮನೆಯವರಿಗೆ ಪರಿಚಯ ಮಾಡಿಕೊಡಬೇಕಾಗಿಲ್ಲ. ಒಳಗೆ ಬನ್ನಿ ಎಂದು ಸನ್ನೆ ಮಾಡಿದಳು.

ಆ ಮನೆಯಲ್ಲಿ ಗಂಡ, ಹೆಂಡತಿ, ಗಂಡನ ಮುದಿ ತಾಯಿ. ಮಾತೆಲ್ಲ ಮೊಬೈಲು ಮಾಡುವ ಅನುವಾದದಲ್ಲಿ. ಅದು ಹತ್ತರಲ್ಲಿ ನಾಲ್ಕು ಸಲ ತಪ್ಪು ಹೇಳುತ್ತಿತ್ತು, ಉಳಿದದ್ದನ್ನು ನಗು ತುಂಬುತ್ತಿತ್ತು. 2015ರ ಸುಮಾರಿಗೆ ಅಲ್ಲಿ ಮೆಣಸು ಕಿಲೋಗೆ ಎರಡು ಲಕ್ಷ ಡಾಂಗ್ ಮುಟ್ಟಿತ್ತಂತೆ. ನಮ್ಮ ಒಂದು ರೂಪಾಯಿಗೆ ಸುಮಾರು 300 ಡಾಂಗ್ ಎಂದು ಲೆಕ್ಕ ಹಾಕಿಕೊಳ್ಳಿ. ಊರಿಗೆ ಊರೇ ಸಾಲ ಮಾಡಿ ಕಂಬ ನೆಟ್ಟಿತು. ಗೊಬ್ಬರ ಸುರಿಯಿತು, ನೀರು ಸುರಿಯಿತು. ಮೊದಲು ರೋಗ ಬಂತು, ಹಿಂದೆಯೇ ದರ ಬಿತ್ತು. 2020ರ ಹೊತ್ತಿಗೆ ನಲವತ್ತು ಸಾವಿರದ ಆಸುಪಾಸಿಗೆ ಇಳಿದಿತ್ತು. ಆಗ ಊರು ಬಿಟ್ಟು ದಕ್ಷಿಣದ ಕಾರ್ಖಾನೆಗೆ ದುಡಿಯಲು ಹೋದ ಅವರ ಮಗ ಇನ್ನೂ ಅಲ್ಲೇ ಇದ್ದಾನೆ. ಈಚೆಗೆ ಕಾಫಿ ದರ ಏರಿದ್ದರಿಂದ ಉಸಿರಾಡುತ್ತಿದ್ದಾರೆ.

"ಕಂಬ ಕೀಳಿಸಿ ಬೇರೇನಾದರೂ ಹಾಕಬಹುದಲ್ಲ?" ಎಂದು ಕೇಳಿದೆ.

"ಕಂಬಕ್ಕೂ ಸಾಲ ಮಾಡಿದ್ದೆ. ಅದು ತೀರುವ ತನಕ ಕಣ್ಣೆದುರಿಗೇ ಇರಲಿ" ಎಂದಳು ಆಕೆ.

ಇವರಿಗೆ ಸುಮ್ಮನಿರಲಾಗಲಿಲ್ಲ. "ನಿಮ್ಮ ಮೆಣಸು ಬಂದು ನಮ್ಮ ದರ ಬಿತ್ತೆಂದು ನಮ್ಮೂರಿನಲ್ಲಿ ನಿಮ್ಮನ್ನು ಬೈಯುತ್ತೇವೆ" ಎಂದು ಫೋನಿಗೆ ಹೇಳಿಬಿಟ್ಟರು. ನನ್ನ ಎದೆ ಧಸಕ್ಕೆಂದಿತು. ಯಜಮಾನ ಓದಿಕೊಂಡ. ಗಂಭೀರವಾಗಿ ತಲೆದೂಗಿ ಉತ್ತರ ಹೇಳಿದ: "ನಾವು ಬ್ರೆಜಿಲ್‌ನವರನ್ನು ಬೈಯುತ್ತೇವೆ."

ಆಮೇಲೆ ನಾವು ನಕ್ಕ ನಗುವಿಗೆ ಕೋಳಿಗಳು ಅಂಗಳ ಬಿಟ್ಟು ಓಡಿದವು.

ಮೇಷ್ಟರ ಬುದ್ಧಿ ಎಲ್ಲಿ ಹೋದೀತು? ಇವರು ಅಂಗಳದ ಮಣ್ಣಿನಲ್ಲಿ ಕಡ್ಡಿಯಿಂದ ನಕ್ಷೆ ಬರೆದು, ಮೆಣಸಿನ ತವರು ನಮ್ಮ ಪಶ್ಚಿಮ ಘಟ್ಟ, ಅಲ್ಲಿಂದಲೇ ಅದು ಲೋಕ ಸುತ್ತಿದ್ದು ಎಂದು ಪಾಠ ಮಾಡಿದರು. 'ತವರು' ಎಂಬುದನ್ನು ಫೋನು 'ತಾಯಿಯ ಮನೆ' ಎಂದು ಹೇಳಿರಬೇಕು. ಅಷ್ಟು ಹೊತ್ತು ಸುಮ್ಮನಿದ್ದ ಮುದುಕಿ ನನ್ನ ಮೊಣಕೈ ಹಿಡಿದುಕೊಂಡು ಏನೋ ಹೇಳಿದಳು. ಫೋನಿನಲ್ಲಿ ಬಂದದ್ದು ಹೀಗೆ: "ತಾಯಿಯ ಮನೆಯಿಂದ ಬಂದವರು ಊಟ ಮಾಡದೆ ಹೋಗುವಂತಿಲ್ಲ."

ಅವತ್ತು ಅವರ ಮನೆಯಲ್ಲಿ ಎಲ್ಲರಿಗೂ ಚಾಯ್ ಊಟವೇ ಆಯಿತು.

ಏಪ್ರಿಲ್ ಕೊನೆಗೆ ಹೋ ಚಿ ಮಿನ್ ನಗರ ಸೇರಿದಾಗ ಬೀದಿ ತುಂಬ ಕೆಂಪು ಬಾವುಟ. 1975ರ ಏಪ್ರಿಲ್ 30ರಂದು ಯುದ್ಧ ಮುಗಿದು ಐವತ್ತು ವರ್ಷವಾಗುವ ಸಂಭ್ರಮಕ್ಕೆ ತಯಾರಿ ನಡೆದಿತ್ತು. ಅಂದು ಇವರು ಹನ್ನೊಂದು ವರ್ಷದ ಹುಡುಗ, ಸುದ್ದಿಯನ್ನು ರೇಡಿಯೋದಲ್ಲಿ ಕೇಳಿದ್ದರಂತೆ. ಮರುದಿನ ನಮ್ಮ ವಿಮಾನ. ಇಕ್ಕಟ್ಟಾದ ರೂಮಿನಲ್ಲಿ ಚೀಲ ಕಟ್ಟುತ್ತಿದ್ದಾಗ ಇವರು, "ಇನ್ನೆರಡು ತಿಂಗಳು ಕಾಂಬೋಡಿಯಾ ನೋಡಿ ಹೋಗಬಹುದಿತ್ತು" ಎಂದರು.

ನನಗೆ ಸಾಕಾಗಿತ್ತು. ಊರಲ್ಲಿ ಹೂಮಳೆ ಬಂತೋ ಇಲ್ಲವೋ ಎಂಬ ಚಿಂತೆ ಮಾರ್ಚಿನಿಂದಲೂ ಕೊರೆಯುತ್ತಿತ್ತು. ಅವರ ಕಾಫಿ ತೋಟದಲ್ಲಿ ಹೂವಿನ ಪರಿಮಳ ಮೂಗಿಗೆ ಬಡಿದಾಗ ನಾನು ಅತ್ತಿದ್ದೆ, ಇವರಿಗೆ ಹೇಳಿರಲಿಲ್ಲ. ಅವತ್ತು ಹೇಳಿದೆ. ಆ ಬೋಳು ಕಂಬಗಳು ಕಣ್ಣಿಂದ ಹೋಗುತ್ತಿಲ್ಲ ಎಂದೂ ಹೇಳಿದೆ. ಅವರದ್ದು ಮೆಣಸು ಹೋಯಿತು, ಹೊಲ ಬೋಳಾಯಿತು. ನಮ್ಮದೂ ಮೆಣಸು ಹೋಯಿತು. ಆದರೆ ಬಳ್ಳಿ ಸತ್ತ ಮರ ನೆರಳು ಕೊಡುತ್ತಲೇ ಇತ್ತು, ಅದರ ಕೆಳಗೆ ಕಾಫಿ ಇತ್ತು, ನಡುವೆ ಕಿತ್ತಳೆ, ಹಲಸು ಇದ್ದವು. ಏಳು ವರ್ಷ ನಾನು ಸತ್ತ ಬಳ್ಳಿಯನ್ನೇ ನೋಡಿದೆ, ಮರವನ್ನು ನೋಡಲಿಲ್ಲ.

"ಹಾಗಾದರೆ ಮಾರುವುದು ಬೇಡ ತಾನೇ?" ಇವರ ಮುಖ ಅರಳಿತು.

"ಸ್ವಲ್ಪ ತಾಳಿ. ಉಳಿಸಿಕೊಳ್ಳಬೇಕಾದರೆ ನೀವೂ ಬೂಟು ಹಾಕಿ ತೋಟಕ್ಕಿಳಿಯಬೇಕು. ಭಾನುವಾರದ ಪ್ರೀತಿ ನನಗೆ ಬೇಡ."

ಇವರು ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ತಮ್ಮ ಖರ್ಚಿನ ಪುಸ್ತಕದ ಕಡೆಯ ಹಾಳೆಯಲ್ಲಿ, 'ಮೆಣಸು: ನನ್ನ ಜವಾಬ್ದಾರಿ' ಎಂದು ಬರೆದು ಸಹಿ ಹಾಕಿದರು. ಇಡೀ ಪ್ರವಾಸದಲ್ಲಿ ನಾನು ತಂದ ಬೆಲೆಬಾಳುವ ವಸ್ತು ಯಾವುದೆಂದರೆ ಆ ಹಾಳೆ.

ಊರಿಗೆ ಬಂದ ಮೇಲೆ ಬೆಂಗಳೂರಿನವರಿಗೆ ಸದ್ಯಕ್ಕೆ ಬೇಡವೆಂದು ತಿಳಿಸಿದೆವು. ಮುಂದೆ ಏನೋ, ಬಲ್ಲವರಾರು? ಇನ್ನೊಂದು ಚಿಕ್ಕ ಬದಲಾವಣೆಯಾಗಿದೆ. ಶನಿವಾರ, ಭಾನುವಾರ ಗಿರಿ ನೋಡಲು ಬರುವ ವಾಹನಗಳ ಸಾಲು ಅತ್ತಿಗುಂಡಿಯಲ್ಲಿ ನಿಂತಾಗ ನಾನು ಮೊದಲು ಗೇಟು ಹಾಕಿಕೊಳ್ಳುತ್ತಿದ್ದೆ. ಕಸ ಎಸೆಯುವವರ ಮೇಲೆ ಈಗಲೂ ಸಿಟ್ಟೇ. ಆದರೆ ಮಗುವನ್ನೆತ್ತಿಕೊಂಡು ಬಚ್ಚಲು ಎಲ್ಲಿದೆ ಎಂದು ಸಂಕೋಚದಿಂದ ಕೇಳುವ ತಾಯಿಗೆ ಗೇಟು ತೆಗೆಯುತ್ತೇನೆ. ತೊಂಬತ್ತೆರಡು ದಿನ ನನಗೆ ಹಾಗೆ ಬಾಗಿಲು ತೆಗೆದವರ ಹೆಸರೂ ನನಗೆ ಗೊತ್ತಿಲ್ಲ.

ಇವರು ತಮ್ಮ ಹಳೆಯ ಶಾಲೆಗೆ ಹೋಗಿ ಮಕ್ಕಳಿಗೆ ಈ ಕಥೆ ಹೇಳಿ ಬಂದರು. ಪ್ರಪಂಚದಲ್ಲಿ ಅತಿ ಹೆಚ್ಚು ಕಾಳುಮೆಣಸು ಬೆಳೆಯುವ ದೇಶ ಯಾವುದು? ಒಂದು ಅಂಕದ ಪ್ರಶ್ನೆ. ಎಷ್ಟೋ ವರ್ಷ ಇವರೂ ಅದಕ್ಕೆ ಒಂದು ಅಂಕ ಕೊಟ್ಟು ಮುಂದೆ ಹೋದವರೇ. ಮಕ್ಕಳೇ, ದೂರದೇಶಕ್ಕೇ ಹೋಗಬೇಕೆಂದಿಲ್ಲ. ಪಕ್ಕದ ತಾಲ್ಲೂಕಿಗಾದರೂ ಚೀಲ ಹೊತ್ತು ಹೋಗಿ, ಯಾರದಾದರೂ ಅಂಗಳದಲ್ಲಿ ಕುಳಿತು ಬನ್ನಿ. ತಂದೆತಾಯಿಯರೇ, ಶಾಲೆಯವರು ಪ್ರವಾಸದ ಚೀಟಿ ಕಳಿಸಿದಾಗ ಚಿಲಕದ ನೆಪ ಹೇಳಬೇಡಿ. ನಾನು ಹೇಳಿ ಪಟ್ಟ ಪಶ್ಚಾತ್ತಾಪ ನನಗೆ ಸಾಕು.

ಜೂನಿನಲ್ಲಿ ಇವರು ಹೊಸ ಬೂಟು ಹಾಕಿ, ಇಂಬಳ ಕಚ್ಚಿಸಿಕೊಳ್ಳುತ್ತ, ಬದುಕುಳಿದ ಬಳ್ಳಿಗಳ ಬುಡಕ್ಕೆ ಬೋರ್ಡೋ ದ್ರಾವಣ ಹಾಕಿದರು. ಅರ್ಧ ಮೈಮೇಲೆ ಚೆಲ್ಲಿಕೊಂಡರು. ಆ ನೀಲಿ ಅಂಗಿಯ ಫೋಟೋವನ್ನು ನಾನು ಚು ಸೆಗೆ ಕಳಿಸಿದೆ. ಸಂಜೆಯ ಹೊತ್ತಿಗೆ ಉತ್ತರ ಬಂತು. ಫೋನು ಅದನ್ನು ಈ ಸಲ ತಪ್ಪಿಲ್ಲದೆ ಕನ್ನಡಕ್ಕೆ ತಂದಿತ್ತು:

"ಇಲ್ಲಿಯೂ ಮಳೆ ಹಿಡಿದಿದೆ. ನೀರು ನಿಲ್ಲದ ಹಾಗೆ ನೋಡಿಕೊಳ್ಳಿ."