ಭೈಷಜ್ಯದಾನ ಮತ್ತು ಅಡತಿ ಅಂಗಡಿಯ ಲೆಕ್ಕ

ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಭೈಷಜ್ಯದಾನವು ಇಂದಿನ ಶ್ರಾವಕರ ಗಮನದಿಂದ ದೂರ ಸರಿದಿದೆ. ಸೇಡಂ ತಾಲೂಕಿನ ಮಳಖೇಡದಲ್ಲಿ ನೇಮಿನಾಥ ಬಸದಿಯ ದರ್ಶನ ಮಾಡಿ ಬರುವವರು ಅದು ರಾಷ್ಟ್ರಕೂಟರ ಮಾನ್ಯಖೇಟವೆಂದು ಬಲ್ಲರು. ಉಗ್ರಾದಿತ್ಯಾಚಾರ್ಯರಂಥ ಜೈನಮುನಿಗಳು 'ಕಲ್ಯಾಣಕಾರಕ'ವೆಂಬ ವೈದ್ಯಗ್ರಂಥವನ್ನೇ ರಚಿಸಿದರೆಂಬುದನ್ನು ನೆನೆಯುವವರು ವಿರಳ. ರೋಗಿಯ ಚಿಂತೆಯು ಧರ್ಮದ ಹೊರಗಿನ ವಿಷಯವೆಂದು ಆ ಆಚಾರ್ಯರು ಭಾವಿಸಿರಲಿಲ್ಲ.

ಸೇಡಂ ಪೇಟೆಯ ಅಡತಿ ಅಂಗಡಿಯೊಂದರಲ್ಲಿ ನಡೆದ ಸಂಗತಿಯಿದು. ಚಿಂಚೋಳಿ ಕಡೆಯ ರೈತನೊಬ್ಬನು ರಾಶಿಗೆ ಇನ್ನೂ ಎರಡು ತಿಂಗಳಿರುವಾಗಲೇ ತೊಗರಿಯ ಮೇಲೆ ಮುಂಗಡ ಕೇಳಲು ಬಂದನು. "ಕಾರ್ಡಿನ ಮ್ಯಾಲ ಆಪರೇಷನ್ ಆಗ್ಯಾದಲ್ಲಪಾ, ಮತ್ಯಾಕ ರೊಕ್ಕ?" ಎಂದರು ಸಾವಕಾರರು. "ಆಪರೇಷನ್ ಪುಕ್ಕಟೆ ಆತ್ರೀ ಸಾವಕಾರ್ರ, ಅದರ ಹಿಂದು ಮುಂದಿನ ಖರ್ಚೇ ಮುಳುಗಿಸ್ಯಾದ" ಎಂದನು ರೈತ.

ಸಾವಕಾರರು ಚೀಟಿಯ ಮೇಲೆ ಲೆಕ್ಕ ಬರೆದರು. ಮೊದಲು ಕಲಬುರಗಿಗೆ, ಬಳಿಕ ಯಾರದೋ ಮಾತು ಕೇಳಿ ಸೊಲ್ಲಾಪುರಕ್ಕೆ ಓಡಾಡಿದ ಬಾಡಿಗೆ. ಹಳೆಯ ವರದಿಯನ್ನು ಮನೆಯಲ್ಲಿಯೇ ಬಿಟ್ಟು ಹೋದುದರಿಂದ ಅದೇ ಸ್ಕ್ಯಾನ್ ಎರಡು ಬಾರಿ. ಜೊತೆಗಿದ್ದ ಮಗನು ಕಳೆದುಕೊಂಡ ಕೂಲಿ. ತಿಂಗಳು ತಿಂಗಳೂ ಬಿ.ಪಿ., ಸಕ್ಕರೆಯ ಗುಳಿಗೆ. ಹೆಂಡತಿಯ ಬೋರಮಾಳ ಆಗಲೇ ಒತ್ತೆ ಬಿದ್ದಿತ್ತು.

ಸರಕಾರವು ಏನೂ ಮಾಡಿಲ್ಲವೆಂದಲ್ಲ. ವಾಜಪೇಯಿ ಆರೋಗ್ಯಶ್ರೀ ಯೋಜನೆಯು 2010ರಲ್ಲಿ ಮೊದಲು ಆರಂಭವಾದದ್ದು ಆಗಿನ ಗುಲ್ಬರ್ಗಾ ವಿಭಾಗದಲ್ಲಿಯೇ. 2018ರಿಂದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕದಲ್ಲಿ ಬಡ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಗಳವರೆಗೆ ಚಿಕಿತ್ಸೆಯಿದೆ. ಆದರೆ ಆಯುಷ್ಮಾನ್ ಭಾರತದ ನಿಯಮವು ಆಸ್ಪತ್ರೆಯಿಂದ ಬಿಡುಗಡೆಯಾದ ನಂತರ 15 ದಿನಗಳ ಔಷಧಿಯವರೆಗೆ ಮಾತ್ರ. 16ನೆಯ ದಿನದ ಗುಳಿಗೆ ರೋಗಿಯ ಜೇಬಿನದು. ಬಿ.ಪಿ.ಗೆ ಅದು ಜೀವಮಾನದ ಬಾಬತ್ತು.

ದಾರಿಯ ಖರ್ಚೂ ಎಲ್ಲರಿಗೂ ಒಂದೇ ಅಲ್ಲ. ಶಹಾಬಾದ, ವಾಡಿಗಳಿಗೆ ಮುಂಬಯಿ–ಮದ್ರಾಸು ಮಾರ್ಗದ ರೈಲು. ಚಿತ್ತಾಪುರ, ಸೇಡಂಗಳಿಗೆ ವಾಡಿ–ಸಿಕಂದರಾಬಾದ ಮಾರ್ಗದ ರೈಲು. ಚಿಂಚೋಳಿಗೆ ರೈಲೇ ಇಲ್ಲ. ಆದ್ದರಿಂದ ತಾಲೂಕು ಆಸ್ಪತ್ರೆಯಲ್ಲಿ ಮುಗಿಯುವ ಕೆಲಸಕ್ಕೆ ದೂರದ ಊರು ಹುಡುಕುವುದು ಚಿಂಚೋಳಿಯವನಿಗೆ ಇಮ್ಮಡಿ ನಷ್ಟ. ಬಿ.ಪಿ., ಸಕ್ಕರೆಯ ಸಾಮಾನ್ಯ ಗುಳಿಗೆಗಳು ಅಲ್ಲಿ ಉಚಿತವಾಗಿಯೇ ದೊರೆಯುತ್ತವೆ; ದಾಸ್ತಾನು ಮುಗಿದಾಗ ಜನೌಷಧಿ ಕೇಂದ್ರದ ಬೆಲೆಯೂ ಹಗುರವೇ.

ಇಲ್ಲಿ ವ್ಯಾಪಾರಿಯ ಅಣುವ್ರತದ ಪ್ರಶ್ನೆಯೂ ಏಳುತ್ತದೆ. ಬೆಲೆ ನಿಗದಿಯಾದ ಔಷಧಿಗಳಿಗೆ 2013ರ ಬೆಲೆ ನಿಯಂತ್ರಣ ಆದೇಶವು ಚಿಲ್ಲರೆ ಅಂಗಡಿಗೆ ಲೆಕ್ಕ ಹಿಡಿದಿರುವ ಲಾಭ ಶೇ. 16. ಆ ಪಟ್ಟಿಯ ಹೊರಗಿನ ಎಷ್ಟೋ ಗುಳಿಗೆಗಳಲ್ಲಿ ಅಂಗಡಿಯವನ ಖರೀದಿ ಬೆಲೆಗೂ ಪಟ್ಟಿಯ ಮೇಲೆ ಮುದ್ರಿಸಿದ ಬೆಲೆಗೂ ಅಜಗಜಾಂತರ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಕಳ್ಳ ತೂಕವನ್ನೂ ಕಲಬೆರಕೆಯನ್ನೂ ಅಚೌರ್ಯದ ಅತಿಚಾರಗಳಲ್ಲಿ ಎಣಿಸಿದೆ. ಮುದ್ರಿತ ಬೆಲೆಗೆ ಮಾರುವುದು ಕಾನೂನಿನಂತೆ ತಪ್ಪಲ್ಲ, ನಿಜ. ಆದರೆ ತೊಗರಿಯ ಧಾರಣೆಯನ್ನು ರೈತನು ನಾಲ್ಕು ಅಂಗಡಿಗಳಲ್ಲಿ ಕೇಳಿ ತಿಳಿಯುತ್ತಾನೆ. ಗುಳಿಗೆಯ ಧಾರಣೆ ಕೇಳುವ ಧೈರ್ಯ ಅವನಿಗಿಲ್ಲ. ಆ ಅರಿಯದಿರುವಿಕೆಯ ಮೇಲೆ ಗಳಿಸಿದ ಲಾಭವನ್ನು ಪರಿಗ್ರಹ ಪರಿಮಾಣ ವ್ರತ ಹಿಡಿದವನು ಯಾವ ಖಾತೆಗೆ ಬರೆಯಬೇಕು?

ಸಾವಕಾರರು ಬಡ್ಡಿಯಿಲ್ಲದೆ ಮುಂಗಡ ಕೊಟ್ಟರು. ಆ ವರ್ಷದ ಧರ್ಮಾದಾಯದ ಹಣ ಒಂದು ಕೋಣೆಗೂ ಅದರ ಬಾಗಿಲ ಮೇಲಿನ ನಾಮಫಲಕಕ್ಕೂ ಮೀಸಲಾಗಿತ್ತು. ಅದನ್ನು ಹತ್ತು ಮನೆಗಳ ಗುಳಿಗೆಗೆ ತಿರುಗಿಸಿದರು. ಹೆಸರು ಎಲ್ಲಿ ಹಾಕಿಸುವಿರೆಂದು ಬಂಧುಗಳು ಕೇಳದಿರಲಿಲ್ಲ. ಈಗ ತಿಂಗಳ ಮೊದಲ ವಾರ ವೈದ್ಯರ ಚೀಟಿಯೊಡನೆ ಖಾಲಿಯಾದ ಪಟ್ಟಿಯನ್ನೂ ತೋರಿಸಬೇಕು. ಗುಳಿಗೆ ನುಂಗದೆ ಪಟ್ಟಿ ತುಂಬಿಯೇ ಉಳಿದಿದ್ದರೆ ಸಾವಕಾರರು ಹೊಸದನ್ನು ಕೊಡಿಸುವುದಿಲ್ಲ, ಮಗನನ್ನು ಕರೆಸಿ ಕಾರಣ ಕೇಳುತ್ತಾರೆ.