ದಿಬ್ಬದ ಮೇಲಿನ ಪಂಕ್

ವಾಷಿಂಗ್ಟನ್‌ಗೆ ಆನ್‌ಸೈಟ್ ಹೋದ ನಾವೆಲ್ಲ ಶ್ವೇತಭವನದ ಮುಂದೆ ಸೆಲ್ಫಿ ತಗೊಂಡು ವಾಪಸ್ ಬರ್ತೀವಿ. ಒಂದು ಸಂಜೆ ಮೆಟ್ರೋ ರೆಡ್ ಲೈನ್ ಹಿಡಿದು ಟೆನ್ಲಿಟೌನ್‌ನಲ್ಲಿ ಇಳಿದು ನೋಡಿ. ಹತ್ತಿರದಲ್ಲೇ ಫೋರ್ಟ್ ರೀನೊ, ನಗರದ ಅತಿ ಎತ್ತರದ ದಿಬ್ಬ. ಅಂತರ್ಯುದ್ಧದ ಕಾಲದಲ್ಲಿ ಕೋಟೆಯಿತ್ತು. ಈಗ ಹುಲ್ಲು, ನೀರಿನ ಟ್ಯಾಂಕು, ಬೇಸಿಗೆಯಲ್ಲಿ ಪುಕ್ಕಟೆ ಸಂಗೀತ. ಫುಗಾಜಿ ಎಂಬ ಪಂಕ್ ಬ್ಯಾಂಡ್ ಇಲ್ಲಿ ಎಷ್ಟೋ ಸಲ ನುಡಿಸಿದೆ.

2002ರ ನಂತರ ಫುಗಾಜಿ ವೇದಿಕೆ ಹತ್ತಲಿಲ್ಲ. ಅದರ ಇಯಾನ್ ಮಕಾಯ್, ಜೋ ಲ್ಯಾಲಿ, ಜೊತೆಗೆ ಇಯಾನ್ ಪತ್ನಿ, ಡ್ರಮ್ಮರ್ ಏಮಿ ಫರೀನಾ ಸೇರಿ 2015ರಲ್ಲಿ 'ಕೊರಿಕಿ' ಶುರುಮಾಡಿದರು. ಮೊದಲ ಕಛೇರಿ 2018ರಲ್ಲಿ! ನಾವಾದರೆ ಎರಡು ವಾರಕ್ಕೇ ಡೆಮೊ ಕೊಡ್ತೀವಿ. 2020ರ ಆಲ್ಬಂನಲ್ಲಿರೋ 'ಕ್ಲೀನ್ ಕಿಲ್' ಕೇಳಿ. ದೂರದಲ್ಲಿ ಕೂತು ಡ್ರೋನ್‌ನಿಂದ ಕೊಲ್ಲುವ ಕೆಲಸದವರ ಬಗ್ಗೆ ಅದು. ಪೆಂಟಗನ್ ಇರೋದೂ ಇದೇ ಊರಿನ ನದಿಯಾಚೆ. ಸ್ಕ್ರೀನ್ ನೋಡಿಯೇ ಸಂಬಳ ಎಣಿಸುವ ನನ್ನನ್ನ ಆ ಹಾಡು ವಾರಗಟ್ಟಲೆ ಬಿಡಲಿಲ್ಲ.